ಬಿಸಿಲಾಗ ಬೆಂದ ಎಳ್ಳ ಅಮಾಸಿ ಭಜ್ಜಿ

ಮೇ ತಿಂಗಳ ಒಂದು ಸಂಜೆ ಸರಸಂಬಾದ ನಮ್ಮ ಮನೆಯ ಪಡಸಾಲೆಯಲ್ಲಿ ಕೂತು ತಮ್ಮ ಭಜ್ಜಿ ಕೇಳಿದ. ಪುಣೆಯಲ್ಲಿ ದುಡಿಯುವ ಅವನಿಗೆ ಎಳ್ಳ ಅಮಾಸಿಗೆ ರಜೆ ಸಿಕ್ಕಿರಲಿಲ್ಲ. ‘ಇಂಥ ಬಿಸಿಲಾಗ ಭಜ್ಜಿ ಮಾಡು ಅಂದ್ರ ಹ್ಯಾಂಗಪಾ? ಹೊಲದಾಗ ಒಂದರೆ ಹಸರ ಕಡ್ಡಿ ಅದ ಏನು?’ ಅಂದಳು ಅವ್ವ. ಅಂದವಳೇ ಎದ್ದು ಡಬ್ಬಿಗಳನ್ನು ತೆರೆದು ಒಣ ತೊಗರಿ, ಅಲಸಂದಿ, ಕಡಲೆ ನೆನೆಹಾಕಿದಳು.

ನಮ್ಮ ಭಾಗದವರಲ್ಲದ ಓದುಗರು ಎಣ್ಣೆಯಲ್ಲಿ ಕರಿದ ಬಜ್ಜಿಯನ್ನು ನೆನೆಸಿಕೊಳ್ಳಬಾರದು. ಕಲಬುರಗಿ ಸೀಮೆಯ ಭಜ್ಜಿ ಎಂದರೆ ಹಸಿ ಕಾಳು, ಸೊಪ್ಪು, ತರಕಾರಿಗಳೆಲ್ಲ ಒಂದೇ ಗುಂಡಿಯಲ್ಲಿ, ಅಂದರೆ ಪಾತ್ರೆಯಲ್ಲಿ, ಬೆಂದ ಗಟ್ಟಿ ಪಲ್ಯ. ಹಸಿ ತೊಗರಿ, ಹಸಿ ಕಡಲೆ, ಅವರೆ, ಬಟಾಣಿ, ಬದನಿಕಾಯಿ, ಗಜ್ಜರಿ, ಮೆಂತ್ಯ, ಪಾಲಕ, ಪುಂಡಿ, ಉಳ್ಳಾಗಡ್ಡಿ ತಪ್ಪಲು, ಬಾರಿಹಣ್ಣು ಕೂಡ. ಹುಣಸಿ ಹುಳಿ, ಕಡಲೆ ಹಿಟ್ಟು, ಹಸಿಮೆಣಸಿನಕಾಯಿ, ಬಳ್ಳೊಳ್ಳಿ ಸೇರಿದ ಮೇಲೆ ಯಾವುದರ ರುಚಿ ಯಾವುದು ಎಂದು ಬಿಡಿಸಿ ಹೇಳಲಾಗದು. ಅದರ ಜೋಡಿ ಸಜ್ಜಿ ಕಡಬು, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ.

ಈ ಅಡುಗೆ ಹುಟ್ಟಿದ್ದು ಹೊಲದ ಬದುವಿನಲ್ಲಿ ಎಂದೇ ನನ್ನ ನಂಬಿಕೆ. ಎಳ್ಳ ಅಮಾವಾಸ್ಯೆ ಬರುವುದು ಮಾರ್ಗಶಿರದ ಕೊನೆಗೆ, ಅಂದರೆ ಡಿಸೆಂಬರ್ ಅಥವಾ ಜನವರಿಯ ಆರಂಭ. 2024ರಲ್ಲಿ ಜನವರಿ 11ಕ್ಕೆ ಒಂದು, ಡಿಸೆಂಬರ್ 30ಕ್ಕೆ ಇನ್ನೊಂದು ಬಂದು ಒಂದೇ ವರ್ಷದಲ್ಲಿ ಎರಡು ಸಲ ಹಬ್ಬವಾಯಿತು. ಆ ಹೊತ್ತಿಗೆ ಎರಿ ಭೂಮಿಯಲ್ಲಿ ಹಿಂಗಾರಿ ಜೋಳ ಆಳೆತ್ತರ ನಿಂತಿರುತ್ತದೆ, ತೊಗರಿ ಕಾಯಿ ತುಂಬಿರುತ್ತದೆ, ಕಡಲೆ ಹಸಿರಾಗಿರುತ್ತದೆ. ಹಿಂದಿನವರು ಒಂದೇ ಬೆಳೆ ನೆಚ್ಚಿ ಬಿತ್ತಿದವರಲ್ಲ. ಮುಖ್ಯ ಬೆಳೆಯ ನಡುವೆ ಅಕ್ಕಡಿ ಸಾಲಿನಲ್ಲಿ ಅಲಸಂದಿ, ಅವರೆ, ಎಳ್ಳು ಇರುತ್ತಿದ್ದವು. ದನ ನುಗ್ಗದಿರಲೆಂದು ಅಂಚಿಗೆ ಮುಳ್ಳಿನ ಕುಸುಬಿ. ಅದೇ ಕುಸುಬಿ ಎಳೆಯದಿದ್ದಾಗ ಪಲ್ಯ. ಹಗ್ಗದ ನಾರಿಗೆ ಹಾಕಿದ ಪುಂಡಿಯ ಎಲೆ ಅಡುಗೆಗೆ. ಮಾರುವಷ್ಟು ಯಾವುದೂ ಇಲ್ಲ, ಉಣ್ಣುವಷ್ಟು ಎಲ್ಲವೂ ಇದೆ. ಹಿಡಿ ಹಿಡಿ ಕಿತ್ತು ತಂದು ಒಂದೇ ಗುಂಡಿಗೆ ಹಾಕಿದ್ದೇ ಭಜ್ಜಿ.

ಹಬ್ಬದ ದಿನ ಈ ಬುತ್ತಿ ಕಟ್ಟಿಕೊಂಡು ಇಡೀ ಊರು ಹೊಲಕ್ಕೆ ಹೋಗುತ್ತದೆ. ಐದು ಕಲ್ಲಿಗೆ ಸುಣ್ಣ ಹಚ್ಚಿ ಪಾಂಡವರೆಂದು ಪೂಜೆ. ಆಮೇಲೆ ಒಬ್ಬರು ಮುಂದೆ ಕೂಗುತ್ತ, ಇನ್ನೊಬ್ಬರು ಹಿಂದೆ ನೀರು ಹಾಕುತ್ತ ಬೆಳೆಯ ಸುತ್ತ ಚರಗ, ಅಂದರೆ ಬುತ್ತಿಯ ಎಡೆ, ಚೆಲ್ಲುತ್ತಾರೆ. ಭೂಮಿತಾಯಿ ಉಂಡ ಮೇಲೆಯೇ ನಮ್ಮ ಊಟ. ಗಡಿ ದಾಟಿ ಸೊಲ್ಲಾಪುರ, ಧಾರಾಶಿವ, ಲಾತೂರಿಗೆ ಹೋದರೂ ಅದೇ ದಿನ, ಅದೇ ಭಜ್ಜಿ. ಅಲ್ಲಿ ಅದಕ್ಕೆ ವೇಳ ಅಮಾವಾಸ್ಯೆ, ಆಡುಮಾತಿನಲ್ಲಿ ಯೆಳವಸ್ ಎನ್ನುತ್ತಾರೆ. ಆ ಹೆಸರಿನಲ್ಲಿ ನಮ್ಮ ಎಳ್ಳಿನ ಸದ್ದು ನನಗೆ ಕೇಳುತ್ತದೆ. 1956ರಲ್ಲಿ ರಾಜ್ಯಗಳನ್ನು ಭಾಷೆಯ ಗೆರೆ ಎಳೆದು ಬೇರೆ ಮಾಡಿದರು, ಗುಂಡಿಯೊಳಗಿನದು ಹಂಗೇ ಉಳಿಯಿತು.

ಎಲ್ಲ ಹಬ್ಬದೂಟವೂ ಭಜ್ಜಿಯಂತೆ ಹಂಗಾಮಿಗೆ ಕಟ್ಟುಬಿದ್ದಿಲ್ಲ. ಅಮೆರಿಕದಲ್ಲಿ ಟರ್ಕಿ ಕೋಳಿಯ ಹಬ್ಬದೂಟಕ್ಕೆ 1941ರ ಕಾಯ್ದೆಯೇ ನವೆಂಬರಿನ ನಾಲ್ಕನೇ ಗುರುವಾರವನ್ನು ಗೊತ್ತು ಮಾಡಿದೆ. ಆದರೆ ಕೋಳಿ ಶೀತಲಪೆಟ್ಟಿಗೆಯಲ್ಲಿ ವರ್ಷವಿಡೀ ಸಿಗುವುದರಿಂದ ಮನಸ್ಸಾದ ದಿನ ಬೇಯಿಸಬಹುದು. ಅಲ್ಲಿರುವ ನಮ್ಮವರಿಗೂ ಒಂದು ದಾರಿಯಿದೆ. ಸೂರತ್ತಿನ ಚಳಿಗಾಲದ ಉಂಧಿಯೂ ಎಂಬ ಪಲ್ಯಕ್ಕೆ ಬೇಕೆಂದು ಗುಜರಾತಿಗಳು ಹಸಿ ತೊಗರಿ ಕಾಳನ್ನು ಹೆಪ್ಪುಗಟ್ಟಿಸಿ ಪೊಟ್ಟಣದಲ್ಲಿ ಮಾರುತ್ತಾರೆ. ಅದನ್ನು ತಂದರೆ ಜುಲೈಯಲ್ಲೂ ಭಜ್ಜಿಯಾಗುತ್ತದೆ.

ಅವ್ವನಿಗೆ ಆ ಪೊಟ್ಟಣ ಎಲ್ಲಿಂದ ಬರಬೇಕು? ನೆನೆದ ಕಾಳನ್ನು ಬೆಳಿಗ್ಗೆ ಮೊದಲು ಅರೆಬೇಯಿಸಿದಳು, ಹಸಿಯದರಂತೆ ಸೊಪ್ಪಿನ ಜೋಡಿ ಹಾಕಿದರೆ ಒಣಕಾಳು ಬೇಯುವುದಿಲ್ಲ. ಸಂತೆಯಲ್ಲಿ ಸಿಕ್ಕಿದ ಮೆಂತ್ಯ, ಪಾಲಕ, ಬದನಿಕಾಯಿ ಸೇರಿಸಿದಳು. ಬಾರಿಹಣ್ಣಿನ ಜಾಗಕ್ಕೆ ಒಂದು ಮಾವಿನಕಾಯಿ. ಕಡಲೆ ಹಿಟ್ಟು ಕದಡಿ ಹಾಕಿ, ಬಳ್ಳೊಳ್ಳಿ ಒಗ್ಗರಣೆ ಕೊಟ್ಟಾಗ ವಾಸನೆ ಓಣಿಗೆ ಹೋಯಿತು. ತಮ್ಮ ಎರಡು ಕಡಬು ಮುರಿದು ಉಂಡು, ‘ಛಲೋ ಆಗ್ಯದ, ಖರೆ ಹಸಿ ತೊಗರಿ ಸೀ ಇಲ್ಲ’ ಅಂದ. ಅವನ ಮಾತು ನಿಜ. ಎಳೆಯ ಕಾಳಿನ ಸಕ್ಕರೆ ಬಲಿಯುತ್ತ ಹಿಟ್ಟಾಗಿಬಿಡುತ್ತದೆ, ನೆನೆಸಿದರೆ ಕಾಳು ಮೆತ್ತಗಾದೀತೇ ಹೊರತು ಆ ಸಿಹಿ ತಿರುಗಿ ಬಾರದು.

ಭಜ್ಜಿಯ ಇನ್ನೊಂದು ಸುಖ ಮರುದಿನದ್ದು. ಹಬ್ಬಕ್ಕೆ ಯಾರೂ ಅಳತೆ ಮಾಡಿ ಮಾಡುವುದಿಲ್ಲ, ಓಣಿಗೆಲ್ಲ ಹಂಚಿಯೂ ಉಳಿಯಬೇಕು. ರಾತ್ರಿ ಕಳೆಯುವಷ್ಟರಲ್ಲಿ ಕಾಳು, ಹಿಟ್ಟು ರಸ ಹೀರಿ ಹುಳಿ-ಖಾರ ಒಳಗಿಳಿದಿರುತ್ತದೆ. ಒಲೆಯ ಮೇಲೆ ಮತ್ತೊಮ್ಮೆ ಕುದಿಸಿ ಕಟಕ ರೊಟ್ಟಿ ಮುರಿದು ಉಂಡವರೇ ಬಲ್ಲರು. ಉಳಿದ ಕಡಬನ್ನು ತುಂಡು ಮಾಡಿ ಒಗ್ಗರಣೆ ಹಾಕಿದರೆ ಬೆಳಗಿನ ನಾಷ್ಟಾ. ಡಿಸೆಂಬರಿನ ಚಳಿ, ಹುಣಸಿಯ ಹುಳಿ ಎರಡೂ ಕಾಯುವುದರಿಂದ ದಿನಕ್ಕೊಮ್ಮೆ ಕುದಿಸಿ ಎರಡು ಮೂರು ದಿನ ಉಣ್ಣುತ್ತಿದ್ದರು. 40 ಡಿಗ್ರಿ ದಾಟುವ ಮೇ ತಿಂಗಳಲ್ಲಿ ಆ ಧೈರ್ಯ ಬೇಡ. ಅವ್ವ ಆರಿದ ಕೂಡಲೇ ಉಳಿದದ್ದನ್ನು ಫ್ರಿಜ್ಜಿಗೆ ಇಟ್ಟಳು. ತಮ್ಮ ಮರುದಿನ ಅದನ್ನೇ ಡಬ್ಬಿಗೆ ಕಟ್ಟಿಸಿಕೊಂಡು ಬಸ್ಸು ಹತ್ತಿದ.

ನನ್ನ ಚಿಂತೆ ಬೇರೆ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು, ಹೆಮ್ಮೆಯ ಮಾತು. ಆದರೆ ಹೊಲದ ತುಂಬ ತೊಗರಿಯೊಂದೇ ನಿಂತಾಗ ಅಕ್ಕಡಿ ಸಾಲು ಹೋಯಿತು, ಬದುವಿನ ಪುಂಡಿ ಹೋಯಿತು. ಈಗ ಹಬ್ಬದ ಹಿಂದಿನ ದಿನ ಹೊಲದವರೇ ಪೇಟೆಗೆ ಹೋಗಿ ಭಜ್ಜಿ ಸಾಮಾನು ಕೊಳ್ಳುತ್ತಾರೆ. ಬರುವ ಮುಂಗಾರಿಗೆ ಬಿತ್ತುವಾಗ ಒಂದೇ ಒಂದು ಸಾಲು ಅಲಸಂದಿಗೆ, ಅವರೆಗೆ, ಅಂಚಿನಲ್ಲಿ ಒಂದಿಷ್ಟು ಪುಂಡಿಗೆ ಬಿಡಿ. ಬೀಜ ಇಲ್ಲದಿದ್ದರೆ ಓಣಿಯ ಹಿರಿಯ ಹೆಣ್ಣುಮಕ್ಕಳನ್ನು ಕೇಳಿ ನೋಡಿ.