ಮಕ್ಕಳಿಗೆ ನಾಯಕತ್ವ ಕಲಿಸುವ ಮುನ್ನ ಶಿಕ್ಷಕರಿಗೆ ತರಬೇತಿ ಏಕೆ?



ಶಾಲೆಗಳು ಆರಂಭವಾದ ಕೆಲವೇ ವಾರಗಳಲ್ಲಿ ಅನೇಕ ಕಡೆ ಮಕ್ಕಳ ಶಾಲಾ ಸಂಸತ್ತಿನ ಚುನಾವಣೆ ನಡೆಯುತ್ತದೆ. ನಾಮಪತ್ರ, ಪ್ರಚಾರ, ಮತದಾನ, ಎಣಿಕೆ ಎಲ್ಲವೂ ಇರುತ್ತವೆ. ಗೆದ್ದವರು ಪ್ರಮಾಣವಚನ ಸ್ವೀಕರಿಸುತ್ತಾರೆ. ಶಾಲಾ ನಾಯಕನ ಎದೆಯ ಮೇಲೆ ಬ್ಯಾಡ್ಜ್ ಹೊಳೆಯುತ್ತದೆ. ಇದನ್ನು ಕಂಡು ಸಂತೋಷಪಡದ ತಂದೆತಾಯಿ ಯಾರು? ಆದರೆ ಬ್ಯಾಡ್ಜ್ ಧರಿಸಿದ ಆ ಮಗುವಿಗೆ ಇನ್ನೊಬ್ಬರ ಮಾತನ್ನು ತಾಳ್ಮೆಯಿಂದ ಕೇಳುವುದನ್ನು, ಸೋತವನನ್ನು ಜೊತೆಗೆ ಕರೆದುಕೊಂಡು ಹೋಗುವುದನ್ನು, ತಪ್ಪು ಕಂಡಾಗ ಹೆದರದೆ ಹೇಳುವುದನ್ನು ಕಲಿಸುವವರು ಯಾರು? ಹಾಗೆ ಕಲಿಸುವ ಶಿಕ್ಷಕರಿಗೆ ಅದನ್ನು ಹೇಗೆ ಕಲಿಸಬೇಕೆಂದು ತಿಳಿಸಿಕೊಟ್ಟವರು ಯಾರು?

ಇಂದು ಶಾಲೆಗಳಲ್ಲಿ ಎನ್.ಸಿ.ಸಿ., ಸ್ಕೌಟ್ಸ್ ಮತ್ತು ಗೈಡ್ಸ್, ಜೀವನ ಕೌಶಲ, ಮೌಲ್ಯ ಶಿಕ್ಷಣ ಹೀಗೆ ಹಲವು ಹೆಸರುಗಳಲ್ಲಿ ನಾಯಕತ್ವ ಮತ್ತು ಸನ್ನಡತೆಯ ಪಾಠಗಳು ನಡೆಯುತ್ತಿವೆ. ಇವುಗಳಲ್ಲಿ ಕೆಲವಕ್ಕೆ ಒಂದು ನಿಯಮವಿದೆ: ಮೊದಲು ಶಿಕ್ಷಕರು ತರಬೇತಿ ಪಡೆಯಬೇಕು, ಆಮೇಲೆ ಮಕ್ಕಳ ಮುಂದೆ ನಿಲ್ಲಬೇಕು. ಶಿಕ್ಷಕರು ಹೀಗೆ ತರಬೇತಿಗೆ ಹೋದಾಗ ನಮ್ಮಲ್ಲಿ ಗೊಣಗಾಟ ಏಳುತ್ತದೆ. "ಪೋರ್ಷನ್ ಮುಗಿದಿಲ್ಲ, ಟೀಚರ್ ಎಲ್ಲಿಗೆ ಹೋದರು?" "ಒಳ್ಳೆಯ ಗುಣ ಹೇಳಿಕೊಡುವುದಕ್ಕೂ ಟ್ರೈನಿಂಗ್ ಬೇಕೇ?" ಎಂಬ ಮಾತುಗಳು ಕೇಳಿಬರುತ್ತವೆ. ಈ ಪ್ರಶ್ನೆಗಳು ನ್ಯಾಯವಾದವು. ಅವಕ್ಕೆ ಉತ್ತರ ಹುಡುಕುವುದೇ ಈ ಲೇಖನದ ಉದ್ದೇಶ.

ಕುಲುಮೆಯ ಊರಿಗೆ ತಿಳಿದ ಮಾತು

ನಮ್ಮ ನ್ಯೂ ಟೌನಿನವರಿಗೆ ಈ ವಿಷಯವನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿದಂದಿನಿಂದ ಎಷ್ಟೋ ಕುಟುಂಬಗಳ ಅನ್ನ ಅದರ ಕುಲುಮೆಯಿಂದ ಬಂದಿದೆ. ಕೆಲಸ ತಿಳಿಯದವನನ್ನು ಕಾದ ಕಬ್ಬಿಣದ ಮುಂದೆ ನಿಲ್ಲಿಸಬಾರದು ಎಂಬುದು ಅಲ್ಲಿ ದುಡಿದ ಯಾರಿಗಾದರೂ ಗೊತ್ತು. ಅಚ್ಚು ಸರಿಯಿಲ್ಲದಿದ್ದರೆ ಎಷ್ಟು ಒಳ್ಳೆಯ ಲೋಹ ಎರೆದರೂ ಎರಕ ಕೆಡುತ್ತದೆ. ಕೆಟ್ಟ ಎರಕವನ್ನಾದರೂ ಕರಗಿಸಿ ಮತ್ತೆ ಎರೆಯಬಹುದು. ಹದಿಮೂರು ಹದಿನಾಲ್ಕರ ಮಗುವಿನ ಮನಸ್ಸಿಗೆ ತಗುಲಿದ ಗಾಯವನ್ನು ಹಾಗೆ ಸರಿಪಡಿಸಲಾಗದು.

ಕಬ್ಬಿಣಕ್ಕೆ ತರಬೇತಿ ಬೇಕೆಂದು ಒಪ್ಪುವ ನಾವು ಮಗುವಿನ ಮನಸ್ಸಿಗೆ ಬೇಡವೆನ್ನುವುದು ಹೇಗೆ? "ಒಳ್ಳೆಯವರಾಗಿದ್ದರೆ ಸಾಕು, ಒಳ್ಳೆಯದನ್ನು ಕಲಿಸಬಹುದು" ಎಂಬ ನಂಬಿಕೆ ನಮ್ಮಲ್ಲಿದೆ. ಒಳ್ಳೆಯತನ ಬೇಕೇ ಬೇಕು. ಆದರೆ ಅದರ ಜೊತೆಗೆ ವಿಧಾನವೂ ಬೇಕು.

ಇದು ಹೊಸ ನಿಯಮವಲ್ಲ

ಮಕ್ಕಳನ್ನು ರೂಪಿಸುವ ಮೊದಲು ಶಿಕ್ಷಕರನ್ನು ರೂಪಿಸಬೇಕೆಂಬ ವಿಚಾರಕ್ಕೆ ಮುನ್ನೂರು ವರ್ಷಗಳಿಗೂ ಹೆಚ್ಚಿನ ಇತಿಹಾಸವಿದೆ. ಫ್ರಾನ್ಸಿನ ರೀಮ್ಸ್ ನಗರದ ಸಂತ ಜಾನ್ ಬ್ಯಾಪ್ಟಿಸ್ಟ್ ದೆ ಲಾ ಸಾಲ್ (1651–1719) ಶ್ರೀಮಂತ ಮನೆತನದ ಗುರುಗಳು. ಬಡಮಕ್ಕಳ ಶಾಲೆಗಳಿಗೆ ನೆರವಾಗಲು ಹೋದ ಅವರ ಕಣ್ಣಿಗೆ ಮೊದಲು ಬಿದ್ದದ್ದು ಶಿಕ್ಷಕರ ಸ್ಥಿತಿ. ಅವರಿಗೆ ಸರಿಯಾದ ಸಿದ್ಧತೆ ಇರಲಿಲ್ಲ, ಸಮಾಜದಲ್ಲಿ ಗೌರವವೂ ಇರಲಿಲ್ಲ. 1681ರಲ್ಲಿ ಅವರು ಆ ಶಿಕ್ಷಕರನ್ನು ತಮ್ಮ ಮನೆಗೇ ಕರೆತಂದು ಇರಿಸಿಕೊಂಡರು. ಬಂಧುಗಳಿಗೆ ಇದು ಹಿಡಿಸಲಿಲ್ಲ. ಆದರೂ ಅವರು ಹಿಂಜರಿಯಲಿಲ್ಲ. ಸುಮಾರು 1685ರಲ್ಲಿ ಹಳ್ಳಿಗಳ ಶಾಲೆಗಳಿಗಾಗಿ ಶಿಕ್ಷಕರನ್ನು ತಯಾರು ಮಾಡುವ ಶಾಲೆಯನ್ನು ರೀಮ್ಸ್‌ನಲ್ಲಿ ತೆರೆದರು. 1900ರಲ್ಲಿ ಅವರನ್ನು ಸಂತರೆಂದು ಘೋಷಿಸಲಾಯಿತು. 1950ರಲ್ಲಿ ಅವರು ಎಲ್ಲ ಶಿಕ್ಷಕರ ಪಾಲಕ ಸಂತರಾದರು. ಏಪ್ರಿಲ್ 7ರಂದು ನಾವು ಅವರ ಹಬ್ಬವನ್ನು ಆಚರಿಸುತ್ತೇವೆ.

ಸ್ಕೌಟ್ ಚಳವಳಿಯೂ ಇದೇ ಪಾಠ ಕಲಿತಿತು. ಬೇಡನ್ ಪೊವೆಲ್ ಅವರು ಬಾಲಕರ ಮೊದಲ ಶಿಬಿರವನ್ನು 1907ರಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ನಡೆಸಿದರು. ಚಳವಳಿ ಬೇಗನೆ ಹಬ್ಬಿತು. ಮಕ್ಕಳನ್ನು ಮುನ್ನಡೆಸುವವರಿಗೇ ಕ್ರಮಬದ್ಧ ಶಿಕ್ಷಣ ಬೇಕೆಂಬುದು ಸ್ಪಷ್ಟವಾದಾಗ 1919ರಲ್ಲಿ ಗಿಲ್‌ವೆಲ್ ಪಾರ್ಕ್‌ನಲ್ಲಿ ನಾಯಕರ ತರಬೇತಿ ಶುರುವಾಯಿತು. ನಮ್ಮ ದೇಶದಲ್ಲಿ 1950ರಲ್ಲಿ ರೂಪುಗೊಂಡ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಸಂಸ್ಥೆಯಲ್ಲಿಯೂ ದಳದ ನಾಯಕರಾಗುವ ಶಿಕ್ಷಕರಿಗೆ ಮೂಲ ತರಬೇತಿ, ಮುಂದುವರಿದ ತರಬೇತಿ, ಅದರಾಚೆ ಹಿಮಾಲಯ ವುಡ್ ಬ್ಯಾಡ್ಜ್ ಎಂಬ ಮೆಟ್ಟಿಲುಗಳಿವೆ. ದೊಡ್ಡಬಳ್ಳಾಪುರದ ಆನಿ ಬೆಸೆಂಟ್ ಪಾರ್ಕ್ ನಮ್ಮ ರಾಜ್ಯದ ಸ್ಕೌಟ್ ತರಬೇತಿ ಕೇಂದ್ರ.

ಎನ್.ಸಿ.ಸಿ.ಯಲ್ಲಿ ನಿಯಮ ಇನ್ನೂ ಬಿಗಿ. 1948ರ ಕಾಯ್ದೆಯಿಂದ ಹುಟ್ಟಿದ ಈ ಸಂಘಟನೆಯ ಗುರಿಗಳಲ್ಲಿ ಕವಾಯತಿಗಿಂತ ಮೊದಲು ಬರುವುದು ಚಾರಿತ್ರ್ಯ, ಸಹಬಾಳ್ವೆ, ಶಿಸ್ತು ಮತ್ತು ನಿಸ್ವಾರ್ಥ ಸೇವೆ. ಶಾಲೆಯ ಎನ್.ಸಿ.ಸಿ. ಹೊಣೆ ಹೊರುವ ಶಿಕ್ಷಕರು ಅಧಿಕಾರಿಯ ಪದವಿ ಪಡೆಯಬೇಕಾದರೆ ಮೊದಲು ವಾರಗಟ್ಟಲೆ ತರಬೇತಿ ಮುಗಿಸಬೇಕು. ಪುರುಷರಿಗೆ ನಾಗಪುರದ ಹತ್ತಿರದ ಕಾಂಪ್ಟಿಯಲ್ಲಿ, ಮಹಿಳೆಯರಿಗೆ ಗ್ವಾಲಿಯರ್‌ನಲ್ಲಿ ಅಧಿಕಾರಿಗಳ ತರಬೇತಿ ಅಕಾಡೆಮಿಗಳಿವೆ. ಅಲ್ಲಿಯವರೆಗೆ ಅವರು 'ಕೇರ್‌ಟೇಕರ್' ಮಾತ್ರ. ಮುಂದೆಯೂ ಕಾಲಕಾಲಕ್ಕೆ ಪುನಶ್ಚೇತನ ತರಬೇತಿ ಇರುತ್ತದೆ. ಮನೆಮಂದಿಯನ್ನು ಬಿಟ್ಟು ಅಷ್ಟು ದೂರ ಹೋಗಿ, ಮಕ್ಕಳು ಮಾಡುವ ಕವಾಯತನ್ನೇ ಬಿಸಿಲಿನಲ್ಲಿ ಮಾಡಿ ಬರುವ ಶಿಕ್ಷಕರ ತ್ಯಾಗವನ್ನು ನಾವು ಎಷ್ಟು ಮಂದಿ ಗಮನಿಸಿದ್ದೇವೆ?

ತರಬೇತಿಯಲ್ಲಿ ಕಲಿಯುವುದೇನು?

ಗಣಿತದ ಪಾಠದಲ್ಲಿ ಶಿಕ್ಷಕರಿಗೆ ಉತ್ತರ ಗೊತ್ತಿರುತ್ತದೆ, ಮಗುವಿಗೆ ಗೊತ್ತಿರುವುದಿಲ್ಲ. ನಾಯಕತ್ವದ ಪಾಠ ಹಾಗಲ್ಲ. "ಸುಳ್ಳು ಹೇಳಬಾರದು" ಎಂಬ ಉತ್ತರ ಮೂರನೇ ತರಗತಿಯ ಮಗುವಿಗೂ ಗೊತ್ತು. ಸುಳ್ಳು ಹೇಳದಿದ್ದರೆ ಗೆಳೆಯನಿಗೆ ಪೆಟ್ಟು ಬೀಳುತ್ತದೆ ಎಂಬ ಇಕ್ಕಟ್ಟಿನಲ್ಲಿ ಏನು ಮಾಡಬೇಕೆಂಬುದೇ ಅದರ ನಿಜವಾದ ಪ್ರಶ್ನೆ. ಇದನ್ನು ಉಪದೇಶದಿಂದ ಕಲಿಸಲಾಗದು.

ಆದ್ದರಿಂದ ಇಂಥ ತರಬೇತಿಯಲ್ಲಿ ಶಿಕ್ಷಕರು ಮೊದಲು ಕಲಿಯುವುದು ಮಾತು ಕಡಿಮೆ ಮಾಡುವುದನ್ನು. ಚಿಕ್ಕ ಗುಂಪುಗಳಲ್ಲಿ ಚರ್ಚೆ ನಡೆಸುವುದು, ಒಂದು ಸನ್ನಿವೇಶವನ್ನು ಮಕ್ಕಳಿಂದಲೇ ಅಭಿನಯ ಮಾಡಿಸುವುದು, ಸದಾ ಕೈಯೆತ್ತುವ ನಾಲ್ವರನ್ನು ಬಿಟ್ಟು ಹಿಂದಿನ ಬೆಂಚಿನ ಮೌನಿಯನ್ನು ಮಾತನಾಡಿಸುವುದು, ತಪ್ಪು ಉತ್ತರ ಬಂದಾಗ ನಗೆ ಏಳದಂತೆ ನೋಡಿಕೊಳ್ಳುವುದು ಇವೆಲ್ಲ ಅಭ್ಯಾಸದಿಂದ ಬರುವ ವಿದ್ಯೆಗಳು. ತರಬೇತಿಯಲ್ಲಿ ಶಿಕ್ಷಕರೇ ವಿದ್ಯಾರ್ಥಿಗಳಾಗಿ ಕುಳಿತು ಈ ಚಟುವಟಿಕೆಗಳನ್ನು ಮಾಡುತ್ತಾರೆ. ಎಲ್ಲರೆದುರು ಮಾತನಾಡುವಾಗ ಆಗುವ ಅಂಜಿಕೆ ಏನೆಂದು ಅವರಿಗೆ ಮತ್ತೆ ನೆನಪಾಗುತ್ತದೆ.

ನಮ್ಮ ರಾಜ್ಯದ ಒಂದು ಉದಾಹರಣೆ

ಇದರಿಂದ ಪ್ರಯೋಜನವಾಗುತ್ತದೆಯೇ? ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ತಜ್ಞರು ಪ್ರೌಢಶಾಲಾ ಮಕ್ಕಳಿಗಾಗಿ ಜೀವನ ಕೌಶಲ ಕಾರ್ಯಕ್ರಮವೊಂದನ್ನು ರೂಪಿಸಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ ಗುರುತಿಸಿರುವ ಹತ್ತು ಕೌಶಲಗಳು ಇದಕ್ಕೆ ಆಧಾರ. ತನ್ನನ್ನು ತಾನು ಅರಿಯುವುದು, ಇತರರ ನೋವು ತಿಳಿಯುವುದು, ನಿರ್ಧಾರ ಕೈಗೊಳ್ಳುವುದು, ಸಿಟ್ಟು ದುಃಖಗಳನ್ನು ನಿಭಾಯಿಸುವುದು ಮೊದಲಾದವು ಅದರಲ್ಲಿ ಸೇರಿವೆ. ಇಲ್ಲಿ ಪಾಠ ನಡೆಸುವವರು ಹೊರಗಿನಿಂದ ಬಂದ ಮನೋವೈದ್ಯರಲ್ಲ, ಅದೇ ಶಾಲೆಯ ಶಿಕ್ಷಕರು. ಆದರೆ ಅದಕ್ಕೆಂದು ತರಬೇತಿ ಪಡೆದವರು.

2010ರಲ್ಲಿ ಶ್ರೀಕಲಾ ಭರತ್ ಮತ್ತು ಕಿಶೋರ್ ಕುಮಾರ್ ಎಂಬ ನಿಮ್ಹಾನ್ಸ್ ವೈದ್ಯರು ಇದರ ಫಲಿತಾಂಶ ಪ್ರಕಟಿಸಿದರು. ಒಂದು ವರ್ಷ ಕಾರ್ಯಕ್ರಮದಲ್ಲಿದ್ದ 605 ಮಕ್ಕಳನ್ನು, ಅದು ದೊರೆಯದ ಹತ್ತಿರದ ಶಾಲೆಗಳ 423 ಮಕ್ಕಳೊಂದಿಗೆ ಹೋಲಿಸಿ ನೋಡಿದರು. ಕಾರ್ಯಕ್ರಮದಲ್ಲಿದ್ದ ಮಕ್ಕಳ ಆತ್ಮಗೌರವ, ಕಷ್ಟ ಎದುರಿಸುವ ಶಕ್ತಿ, ಶಾಲೆಯಲ್ಲಿ ಮತ್ತು ಶಿಕ್ಷಕರೊಂದಿಗೆ ಹೊಂದಿಕೊಳ್ಳುವ ರೀತಿ, ಇತರರಿಗೆ ನೆರವಾಗುವ ಗುಣ ಇವೆಲ್ಲ ಎದ್ದುಕಾಣುವಷ್ಟು ಉತ್ತಮವಾಗಿದ್ದವು.

ಅದೇ ವರದಿಯಲ್ಲಿ ಹೆತ್ತವರಾದ ನಾವು ಗಮನಿಸಬೇಕಾದ ಇನ್ನೊಂದು ಅಂಶವಿದೆ. ಮನೆಯಲ್ಲಿ ಹೊಂದಿಕೊಳ್ಳುವ ವಿಷಯದಲ್ಲಿಯೂ ಗೆಳೆಯರೊಂದಿಗೆ ಹೊಂದಿಕೊಳ್ಳುವ ವಿಷಯದಲ್ಲಿಯೂ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ತರಬೇತಿ ಪಡೆದ ಶಿಕ್ಷಕರು ಶಾಲೆಯೊಳಗೆ ಬದಲಾವಣೆ ತರಬಲ್ಲರು. ಮನೆಯೊಳಗಿನ ಪಾಠ ನಮ್ಮ ಪಾಲಿಗೇ ಉಳಿದಿದೆ ಎಂದು ನಾವು ಇದರಿಂದ ತಿಳಿಯಬಹುದಲ್ಲವೇ?

ಮಗು ಮನಸ್ಸು ಬಿಚ್ಚಿದಾಗ

ತರಬೇತಿ ಕಡ್ಡಾಯವಾಗಬೇಕು ಎನ್ನುವುದಕ್ಕೆ ಎಲ್ಲಕ್ಕಿಂತ ಗಂಭೀರವಾದ ಕಾರಣ ಇಲ್ಲಿದೆ. ಇಂಥ ತರಗತಿಗಳಲ್ಲಿ ಮಕ್ಕಳು ಮನಸ್ಸು ಬಿಚ್ಚುತ್ತಾರೆ. ನಮ್ಮ ಊರನ್ನೇ ನೋಡಿ. ಕಾಗದ ಕಾರ್ಖಾನೆಯಲ್ಲಿ ಉತ್ಪಾದನೆ ನಿಂತು ಹಲವು ವರ್ಷಗಳಾದವು. 2023ರ ಜನವರಿಯಲ್ಲಿ ಕಬ್ಬಿಣದ ಕಾರ್ಖಾನೆಯನ್ನೂ ಮುಚ್ಚುವ ನಿರ್ಧಾರ ಹೊರಬಿದ್ದಾಗ ಎಷ್ಟು ಮನೆಗಳಲ್ಲಿ ನಿದ್ದೆ ಇರಲಿಲ್ಲ! ದೊಡ್ಡವರ ಚಿಂತೆಯನ್ನು ಮಕ್ಕಳು ಮಾತಿಲ್ಲದೆ ಹೊರುತ್ತಾರೆ. ಇಂಥ ಮನೆಯಿಂದ ಬಂದ ಮಗುವಿಗೆ, ಉದ್ದೇಶ ಒಳ್ಳೆಯದಾದರೂ ತರಬೇತಿಯಿಲ್ಲದ ಶಿಕ್ಷಕರೊಬ್ಬರು, "ನಿನ್ನ ಮನೆಯ ಕಷ್ಟ ಏನು, ಎಲ್ಲರಿಗೂ ಹೇಳು" ಎಂದು ತರಗತಿಯೆದುರು ಎಬ್ಬಿಸಿ ನಿಲ್ಲಿಸಿದರೆ ಏನಾದೀತು? ತರಬೇತಿ ಪಡೆದವರು ಅದೇ ವಿಷಯವನ್ನು ಒಂದು ಕಥೆಯ ಪಾತ್ರದ ಮೂಲಕ ಚರ್ಚಿಸುತ್ತಾರೆ. ಹೇಳಬೇಕೆನಿಸಿದ ಮಗು ತರಗತಿ ಮುಗಿದ ಮೇಲೆ ತಾನಾಗಿ ಬಂದು ಹೇಳುವಂತೆ ದಾರಿ ತೆರೆದಿಡುತ್ತಾರೆ.

ಕೆಲವೊಮ್ಮೆ ಮಗು ಹೇಳುವ ಮಾತು ಇನ್ನೂ ಭಾರವಾಗಿರುತ್ತದೆ. ಯಾರೋ ತನ್ನನ್ನು ಕೆಟ್ಟದಾಗಿ ಮುಟ್ಟಿದರೆಂದು ಹೇಳಬಹುದು. ಆಗ "ಯಾರಿಗೂ ಹೇಳಬೇಡ, ನಾನು ನೋಡಿಕೊಳ್ಳುತ್ತೇನೆ" ಎಂದು ಸಮಾಧಾನ ಹೇಳಿ ಸುಮ್ಮನಾಗಲು ಶಿಕ್ಷಕರಿಗೆ ಅವಕಾಶವಿಲ್ಲ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಇಂಥ ಅಪರಾಧ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿರುವುದೇ ಶಿಕ್ಷಾರ್ಹ ಅಪರಾಧ. ಮಗುವಿನ ಮಾತನ್ನು ನಂಬಿ ಕೇಳುವುದು, ಮತ್ತೆ ಮತ್ತೆ ಕೆದಕಿ ಕೇಳದಿರುವುದು, ಅದರ ಹೆಸರು ಹೊರಬರದಂತೆ ಕಾಯುವುದು, 1098 ಮಕ್ಕಳ ಸಹಾಯವಾಣಿಯ ನೆರವು ಪಡೆಯುವುದು ಇವೆಲ್ಲ ಶಿಕ್ಷಕರಿಗೆ ಮೊದಲೇ ಗೊತ್ತಿರಬೇಕು. ಆ ಗಳಿಗೆ ಬಂದ ಮೇಲೆ ಕಲಿಯಲು ಸಮಯವಿರುವುದಿಲ್ಲ.

ಕಡ್ಡಾಯ ಮಾಡಿದರೆ ಗುಣ ಬರುತ್ತದೆಯೇ?

ಇಲ್ಲಿ ಒಂದು ಆಕ್ಷೇಪ ಏಳಬಹುದು. ಒತ್ತಾಯದಿಂದ ಕಳುಹಿಸಿದ ಶಿಕ್ಷಕರು ಹಾಜರಿ ಪುಸ್ತಕಕ್ಕೆ ಸಹಿ ಹಾಕಿ, ಊಟ ಮಾಡಿ, ಪ್ರಮಾಣಪತ್ರ ಹಿಡಿದು ಬಂದರೆ ಏನು ಲಾಭ? ಈ ಮಾತನ್ನು ತಳ್ಳಿಹಾಕುವಂತಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಪ್ರತಿಯೊಬ್ಬ ಶಿಕ್ಷಕರಿಗೂ ವರ್ಷಕ್ಕೆ ಕನಿಷ್ಠ 50 ಗಂಟೆಗಳ ವೃತ್ತಿ ತರಬೇತಿ ಇರಬೇಕೆಂದು ಹೇಳಿದೆ. ಗಂಟೆಗಳನ್ನು ಎಣಿಸುವುದು ಸುಲಭ, ಮನಸ್ಸಿನ ಬದಲಾವಣೆಯನ್ನು ಎಣಿಸುವುದು ಕಷ್ಟ.

ಆದರೆ ಕಡ್ಡಾಯವಲ್ಲದಿದ್ದರೆ ಏನಾಗುತ್ತದೆ ಎಂಬುದನ್ನೂ ಯೋಚಿಸಬೇಕು. ಈಗಾಗಲೇ ಆಸಕ್ತಿ ಇರುವ ಒಬ್ಬಿಬ್ಬರು ಮಾತ್ರ ಹೋಗುತ್ತಾರೆ. ನೀತಿಪಾಠದ ಪೀರಿಯಡ್ ಬಿಡುವಿರುವ ಯಾರದೋ ಪಾಲಿಗೆ ಬೀಳುತ್ತದೆ. ಪರೀಕ್ಷೆ ಹತ್ತಿರ ಬಂದಾಗ ಆ ಪೀರಿಯಡ್ಡೂ ಗಣಿತಕ್ಕೆ ಹೋಗುತ್ತದೆ. ಕಡ್ಡಾಯ ಎಂಬ ಮಾತು ಶಿಕ್ಷಕರಿಗಿಂತ ಮೊದಲು ಆಡಳಿತ ಮಂಡಳಿಯನ್ನು ಕಟ್ಟಿಹಾಕುತ್ತದೆ. ತರಬೇತಿಗೆ ಹೋದವರ ತರಗತಿ ನೋಡಿಕೊಳ್ಳಲು ಬದಲಿ ವ್ಯವಸ್ಥೆ ಮಾಡಬೇಕು, ಖರ್ಚು ಕೊಡಬೇಕು, ಬಂದ ಮೇಲೆ ಆ ಪಾಠಕ್ಕೆ ವೇಳಾಪಟ್ಟಿಯಲ್ಲಿ ಜಾಗ ಕೊಡಬೇಕು. ಇವನ್ನು ಕೊಡದೆ ತರಬೇತಿಯನ್ನು ಮಾತ್ರ ಕಡ್ಡಾಯ ಮಾಡಿದರೆ ಅದು ಜನಗಣತಿ, ಚುನಾವಣೆ ಕೆಲಸಗಳಂತೆ ಶಿಕ್ಷಕರ ಬೆನ್ನಿಗೆ ಮತ್ತೊಂದು ಹೊರೆಯಾಗುತ್ತದೆ. ಒಂದೇ ಸಲದ ಶಿಬಿರವೂ ಸಾಲದು. ಕೆಲವು ತಿಂಗಳು ಪಾಠ ನಡೆಸಿದ ಮೇಲೆ ಶಿಕ್ಷಕರು ಮತ್ತೆ ಒಟ್ಟು ಸೇರಿ, ಯಾವುದು ಫಲಿಸಿತು, ಎಲ್ಲಿ ಎಡವಿದೆವು ಎಂದು ಮಾತನಾಡಿಕೊಳ್ಳುವ ಅವಕಾಶ ಇರಬೇಕು.

ನಾವು ಮಾಡಬಹುದಾದದ್ದು

ಮೊದಲನೆಯದಾಗಿ, ಪೋಷಕರ ಸಭೆಯಲ್ಲಿ ಅಂಕಗಳ ವಿಚಾರಣೆ ಮುಗಿದ ಮೇಲೆ ಇನ್ನೊಂದು ಪ್ರಶ್ನೆ ಕೇಳೋಣ: "ನಾಯಕತ್ವ, ಮೌಲ್ಯ ಶಿಕ್ಷಣದ ಪಾಠ ಮಾಡುವವರು ತರಬೇತಿ ಪಡೆದಿದ್ದಾರೆಯೇ? ಅದಕ್ಕೆ ವಾರದಲ್ಲಿ ಎಷ್ಟು ಸಮಯ ಇದೆ?" ದೂರಿನ ದನಿಯಲ್ಲಿ ಅಲ್ಲ, ಆಸಕ್ತಿಯಿಂದ ಕೇಳೋಣ. ಹೆತ್ತವರು ಕೇಳಿದ್ದಕ್ಕೆ ಶಾಲೆ ಬೆಲೆ ಕೊಡುತ್ತದೆ.

ಎರಡನೆಯದಾಗಿ, ಶಿಕ್ಷಕರು ತರಬೇತಿಗೆ ಹೋದ ದಿನ ಮಕ್ಕಳ ಮುಂದೆ ಗೊಣಗುವುದನ್ನು ಬಿಡೋಣ. "ನಿಮ್ಮ ಟೀಚರ್ ನಿಮಗಾಗಿ ಕಲಿಯಲು ಹೋಗಿದ್ದಾರೆ" ಎಂದು ಹೇಳೋಣ. ದೊಡ್ಡವರೂ ಕಲಿಯುತ್ತಾರೆ ಎಂದು ತಿಳಿಯುವುದೇ ಮಗುವಿಗೆ ಒಂದು ಪಾಠ.

ಮೂರನೆಯದಾಗಿ, ಧರ್ಮಕೇಂದ್ರದಲ್ಲಿ ಭಾನುವಾರ ಜ್ಞಾನೋಪದೇಶ ಹೇಳಿಕೊಡುವ ಯುವಕ ಯುವತಿಯರನ್ನೂ ನೆನೆಯೋಣ. ಅವರೂ ಮಕ್ಕಳ ಮನಸ್ಸನ್ನು ಮುಟ್ಟುವವರೇ. ಪೂಜೆ ಮುಗಿದೊಡನೆ ಪುಸ್ತಕ ಕೈಗಿಟ್ಟು ತರಗತಿಗೆ ಕಳುಹಿಸುವುದರ ಬದಲು, ಅವರಿಗೂ ಸಿದ್ಧತೆಯ ದಿನಗಳನ್ನು ಏರ್ಪಡಿಸುವಂತೆ ಧರ್ಮಕೇಂದ್ರದ ಪಾಲನಾ ಸಮಿತಿಯಲ್ಲಿ ಕೇಳಿಕೊಳ್ಳೋಣ.

ಕೊನೆಯದಾಗಿ, ಶಾಲೆಯ ಈ ಪಾಠಕ್ಕೆ ಮನೆಯಲ್ಲಿ ಜಾಗ ಕೊಡೋಣ. ಮಗು ಧೈರ್ಯ ಮಾಡಿ "ಅಪ್ಪಾ, ನೀವು ಹೇಳಿದ್ದು ಸರಿಯಲ್ಲ ಅನಿಸುತ್ತದೆ" ಎಂದಾಗ "ಎದುರು ಮಾತಾಡಬೇಡ" ಎಂದು ಬಾಯಿ ಮುಚ್ಚಿಸಿದರೆ ಶಿಕ್ಷಕರ ಒಂದು ವರ್ಷದ ಶ್ರಮ ಒಂದೇ ಸಂಜೆಯಲ್ಲಿ ಕರಗಿಹೋಗುತ್ತದೆ. ಐದು ನಿಮಿಷ ಕೂತು ಕೇಳಿದರೆ ಅದು ನೂರ್ಮಡಿ ಫಲ ಕೊಡುತ್ತದೆ.

ಸೆಪ್ಟೆಂಬರ್ 5ರಂದು ನಾವು ಶಿಕ್ಷಕರಿಗೆ ಹೂವು ಕೊಡುತ್ತೇವೆ, ಶುಭಾಶಯ ಹೇಳುತ್ತೇವೆ. ಅವರು ಕಲಿಯಲು ಬೇಕಾದ ಸಮಯವನ್ನೂ ಗೌರವವನ್ನೂ ವರ್ಷವಿಡೀ ಕೊಟ್ಟರೆ ಅದಕ್ಕಿಂತ ದೊಡ್ಡ ಕಾಣಿಕೆ ಬೇರೊಂದಿಲ್ಲ. ಅದರ ಲಾಭ ಮರಳಿ ಬರುವುದು ನಮ್ಮ ಮಕ್ಕಳಿಗೇ.