ಕತ್ತಲಾದರೆ ಮುಚ್ಚುತ್ತಿದ್ದ ಬಾಗಿಲು

ಯಂತ್ರಗಳು ಬರುವ ಮುನ್ನ ಸಂಡೂರಿನ ಗಣಿಗಳಲ್ಲಿ ಅದಿರು ಒಡೆದು, ಆರಿಸಿ, ಬುಟ್ಟಿ ಹೊತ್ತವರಲ್ಲಿ ಹೆಂಗಸರೂ ಬಹಳ ಮಂದಿ. ಬಿಸಿಲು, ಕೆಂಪು ದೂಳಿನ ಆ ದುಡಿಮೆಗೆ ಕಾನೂನಿನ ಅಡ್ಡಿಯಿರಲಿಲ್ಲ. ಅಡ್ಡಿಯಿದ್ದುದು ರಾತ್ರಿಗೆ. 1952ರ ಗಣಿ ಕಾಯ್ದೆಯ 46ನೇ ಕಲಮು ಸಂಜೆ 7ರಿಂದ ಬೆಳಿಗ್ಗೆ 6ರವರೆಗೆ ಮಹಿಳೆಯರ ಕೆಲಸವನ್ನು ನಿಷೇಧಿಸಿತ್ತು. ಕಾರ್ಖಾನೆಗಳಿಗೆ 1948ರ ಕಾಯ್ದೆಯ 66ನೇ ಕಲಮೂ ಬಹುಮಟ್ಟಿಗೆ ಇದನ್ನೇ ವಿಧಿಸಿತ್ತು.

ಉದ್ದೇಶ ರಕ್ಷಣೆಯೇ ಸರಿ. ಆದರೆ ತೋರಣಗಲ್ಲಿನಂಥ ಕಡೆ ಉಕ್ಕಿನ ಕುಲುಮೆ ರಾತ್ರಿ ಆರುವುದಿಲ್ಲ. ಪಾಳಿಗಳು ಸುತ್ತುತ್ತಲೇ ಇರುತ್ತವೆ. ಹಗಲಿಗಷ್ಟೇ ಬರಬಲ್ಲವರನ್ನು ಯಾರು ಸೇರಿಸಿಕೊಳ್ಳುತ್ತಾರೆ? ವಿಚಿತ್ರವೆಂದರೆ, ನೇಮಕದಲ್ಲಿ ತಾರತಮ್ಯ ಕೂಡದೆಂದ 1976ರ ಸಮಾನ ವೇತನ ಕಾಯ್ದೆಯೇ, ಬೇರೆ ಕಾನೂನು ನಿರ್ಬಂಧಿಸಿದ ಕೆಲಸಗಳಿಗೆ ವಿನಾಯಿತಿ ಕೊಟ್ಟಿತ್ತು. ಹೀಗೆ ರಕ್ಷಣೆಯ ಹೆಸರಿನಲ್ಲಿ ಕೆಲಸವೇ ಕೈತಪ್ಪಿತು.

2000ರಲ್ಲಿ ಮದ್ರಾಸ್ ಹೈಕೋರ್ಟು ಕಾರ್ಖಾನೆಗಳಲ್ಲಿನ ಈ ನಿಷೇಧವನ್ನು ಸಂವಿಧಾನಬಾಹಿರವೆಂದಿತು. 2019ರಲ್ಲಿ ಕೇಂದ್ರ ಸರ್ಕಾರ ತೆರೆದ ಗಣಿಗಳ ರಾತ್ರಿ ಪಾಳಿಗೆ ಮಹಿಳೆಯರನ್ನು ಬಿಟ್ಟಿತು: ಲಿಖಿತ ಒಪ್ಪಿಗೆ ಬೇಕು, ಪಾಳಿಯಲ್ಲಿ ಕನಿಷ್ಠ ಮೂವರಿರಬೇಕು. 2023ರಲ್ಲಿ ಕರ್ನಾಟಕವೂ ಕಾರ್ಖಾನೆ ಕಾಯ್ದೆ ತಿದ್ದಿ, ಸುರಕ್ಷತೆಯ ಷರತ್ತುಗಳೊಂದಿಗೆ ಅನುಮತಿ ಕೊಟ್ಟಿತು.

ಅಪಾಯವಿದ್ದರೆ ಹೆಂಗಸನ್ನು ಹೊರಗಿಡುವುದಲ್ಲ, ಅಪಾಯ ತಗ್ಗಿಸುವುದು ಮಾಲೀಕರ ಹೊಣೆ ಎಂಬುದೇ ಇಲ್ಲಿನ ಬದಲಾವಣೆ. ಕಂಪ್ಲಿ, ಹೊಸಪೇಟೆ ಕಡೆಯಿಂದ ಬರುವವಳಿಗೆ ಅದರ ಅರ್ಥ ಸರಳ: ನಡುರಾತ್ರಿ ಪಾಳಿ ಮುಗಿದಾಗ ಗೇಟಿನಲ್ಲಿ ದೀಪವಿರಬೇಕು, ಮನೆ ಬಾಗಿಲವರೆಗೆ ವಾಹನ ಬರಬೇಕು.