ನಿಮಗಿದು ಗೊತ್ತೆ? ಪ್ಯಾರಿಸ್‌ನಲ್ಲಿ ಪೆಡಲ್ ತುಳಿದ ಜನರಲ್

2019ರ ಆಗಸ್ಟ್‌ನಲ್ಲಿ ಸೇನಾಧಿಕಾರಿಯೊಬ್ಬರ ಸೈಕಲ್ ಸಾಹಸ ನಮ್ಮ ಜಾಲತಾಣಗಳಲ್ಲಿ ಭಾರೀ ಹರಿದಾಡಿತು. ಅವರು ಲೆಫ್ಟಿನೆಂಟ್ ಜನರಲ್ ಅನಿಲ್ ಪುರಿ. ಫ್ರಾನ್ಸ್‌ನ ‘ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್’ ಸವಾರಿಯ ಸುಮಾರು 1,200 ಕಿ.ಮೀ.ಯನ್ನು 90 ಗಂಟೆಗಳಲ್ಲಿ ಮುಗಿಸಿದಾಗ ಅವರಿಗೆ 56 ವರ್ಷ! ಸೇವೆಯಲ್ಲಿದ್ದಾಗಲೇ ಇದನ್ನು ಪೂರೈಸಿದ ಭಾರತದ ಮೊದಲ ಜನರಲ್ ಅವರು. 2022ರಲ್ಲಿ ದೆಹಲಿಯಲ್ಲಿ ಪತ್ರಕರ್ತರಿಗೆ ಸೇನಾ ನೇಮಕಾತಿಯ ಅಗ್ನಿಪಥ ಯೋಜನೆಯನ್ನು ವಿವರಿಸಿದವರೂ ಇವರೇ.

ಈ ಸವಾರಿಯನ್ನು 1891ರಲ್ಲಿ ಶುರುಮಾಡಿದ್ದು ಪ್ಯಾರಿಸ್‌ನ ಒಂದು ದಿನಪತ್ರಿಕೆ. ಮೊದಲ ಸಲ ಗೆದ್ದ ಫ್ರೆಂಚ್ ಸೈಕಲ್ ಪಟು ಶಾರ್ಲ್ ಟೆರೋಂ 71 ಗಂಟೆ 22 ನಿಮಿಷಗಳಲ್ಲಿ ಮರಳಿದಾಗ, ಬೆಳಗಿನ ಜಾವದಲ್ಲೂ ಜನ ಬೀದಿಗಿಳಿದಿದ್ದರು. ಅಂತರ್ಜಾಲವಿಲ್ಲದ ಆ ಕಾಲದಲ್ಲಿ ಆತನ ಹೆಸರನ್ನು ಮನೆಮನೆಗೆ ಮುಟ್ಟಿಸಿದ್ದು ಪತ್ರಿಕೆಗಳೇ.

ಈಗ ಅದು ನಾಲ್ಕು ವರ್ಷಕ್ಕೊಮ್ಮೆ ನಡೆಯುವ ತಾಳ್ಮೆಯ ಪರೀಕ್ಷೆ. ಮೊದಲು ತಲುಪಿದವರಿಗೂ ಬಹುಮಾನದ ಹಣವಿಲ್ಲ. ದೆಹಲಿ, ಗುರುಗ್ರಾಮ, ನೋಯ್ಡಾದ ಸವಾರರು ಅಲ್ಲಿಗೆ ಹೋಗಬೇಕೆಂದರೆ 200, 300, 400, 600 ಕಿ.ಮೀ. ಸವಾರಿಗಳನ್ನು ಮೊದಲು ಗಡುವಿನೊಳಗೆ ಮುಗಿಸಿರಬೇಕು. 600 ಕಿ.ಮೀ.ಗೆ ಸಿಗುವುದು 40 ಗಂಟೆ. ಊಟ, ನಿದ್ದೆ, ಪಂಕ್ಚರ್ ಎಲ್ಲವೂ ಅಷ್ಟರಲ್ಲೇ ಆಗಬೇಕು.